ಬೆಕ್ಕಿಗೆ ಜ್ವರ ಬಂದರೆ ಅರ್ಧ ಪ್ಯಾರಸಿಟಮಾಲ್ ಕೊಡಬಹುದೇ?

"ನಮ್ಮ ಬೆಕ್ಕಿಗೆ ಮೈ ಬಿಸಿಯಾಗಿದೆ, ಏನು ಮಾಡಲಿ?" ಎಂದು ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ಕೇಳಿದರೆ, "ಅರ್ಧ ಪ್ಯಾರಸಿಟಮಾಲ್ ಕೊಡಿ" ಎಂಬ ಉತ್ತರ ಬರುವುದುಂಟು. ಕೊಡಬಹುದೇ?

ಖಂಡಿತ ಕೊಡಬಾರದು. ಈ ಔಷಧವನ್ನು ನಮ್ಮ ಯಕೃತ್ತು ಸುರಕ್ಷಿತವಾಗಿ ಹೊರಹಾಕುತ್ತದೆ. ಅದಕ್ಕೆ ಬೇಕಾದ ಕಿಣ್ವ ಬೆಕ್ಕಿನಲ್ಲಿ ತೀರಾ ಕಡಿಮೆ. ಹಾಗಾಗಿ ಔಷಧ ವಿಷವಾಗಿ, ರಕ್ತದ ಕೆಂಪುಕಣಗಳು ಆಮ್ಲಜನಕ ಸಾಗಿಸಲಾರದಂತಾಗುತ್ತವೆ. ಒಸಡು ನೀಲಿ ಇಲ್ಲವೇ ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ, ಉಸಿರಾಟ ಕಷ್ಟವಾಗುತ್ತದೆ. 500 ಮಿಲಿಗ್ರಾಂ ಮಾತ್ರೆಯ ಅರ್ಧ ಭಾಗವೂ 4 ಕೆಜಿ ತೂಕದ ಬೆಕ್ಕಿನ ಪ್ರಾಣ ತೆಗೆಯಬಹುದು. ನಾಯಿಗೆ ಐಬುಪ್ರೊಫೇನ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ಹಾಗಾದರೆ ಗ್ರೂಪಿನಲ್ಲಿ ಮಾತನಾಡುವುದೇ ತಪ್ಪೇ? ಇಲ್ಲ. "ನಮ್ಮ ಬೆಕ್ಕಿಗೂ ಹೀಗಾಗಿತ್ತು, ಡಾಕ್ಟರಿಗೆ ತೋರಿಸಿದೆವು" ಎಂಬುದು ಅನುಭವ. ನೋಡದ ಪ್ರಾಣಿಗೆ ರೋಗ ಇಂಥದ್ದೇ ಎಂದು ಹೇಳಿ, ಔಷಧದ ಹೆಸರು, ಪ್ರಮಾಣ ಬರೆದರೆ ಅದು ಚಿಕಿತ್ಸೆ. ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ, 1984 ಪಶುವೈದ್ಯ ವೃತ್ತಿಯ ಹಕ್ಕನ್ನು ನೋಂದಾಯಿತ ಪಶುವೈದ್ಯರಿಗೆ ಕೊಟ್ಟಿದೆ. ತೂಕ, ವಯಸ್ಸು, ಬೇರೆ ಕಾಯಿಲೆಗಳನ್ನು ನೋಡಿಯೇ ಅವರು ಪ್ರಮಾಣ ನಿರ್ಧರಿಸುತ್ತಾರೆ.

ಮಾತ್ರೆ ಈಗಾಗಲೇ ಕೊಟ್ಟಾಗಿದ್ದರೆ, ಲಕ್ಷಣ ಕಾಣುವವರೆಗೆ ಕಾಯಬೇಡಿ, ಮನೆಯಲ್ಲೇ ವಾಂತಿ ಮಾಡಿಸಲು ಹೋಗಬೇಡಿ. ಮಾತ್ರೆಯ ಸ್ಟ್ರಿಪ್ ಸಮೇತ ತಕ್ಷಣ ಪಶುವೈದ್ಯರ ಬಳಿ ಹೋಗಿ. ಇದಕ್ಕೆ ಪ್ರತಿವಿಷ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಗ್ರೂಪಿನಲ್ಲಿ ಮುಂದಿನ ಸಲ ಇಂಥ ಪ್ರಶ್ನೆ ಬಂದಾಗ ಮಾತ್ರೆಯ ಹೆಸರಿನ ಬದಲು ಹತ್ತಿರದ ಪಶು ಆಸ್ಪತ್ರೆಯ ನಂಬರ್ ಕಳಿಸೋಣ.