ತರಬೇತಿಯ ಅಂಕ ಫೇಲಾಗುವ ಮುನ್ಸೂಚನೆಯೇ?

ವಡಗೇರಾದಿಂದ ಬಿ.ಪಿ. ತೋರಿಸಲು ಬಂದಿದ್ದ ರೈತರೊಬ್ಬರ ಮುಖ ಬಾಡಿತ್ತು. ಮಗಳು ವೈದ್ಯೆ, ಡಿ.ಎನ್.ಬಿ. ಸ್ನಾತಕೋತ್ತರ ತರಬೇತಿಯಲ್ಲಿದ್ದಾಳೆ. ವರ್ಷದ ಮೌಲ್ಯಮಾಪನದಲ್ಲಿ ಆಕೆಗೆ ಅಂಕ ಕಡಿಮೆ ಬಂದಿದ್ದವು. "ಕಡೀ ಪರೀಕ್ಷಾದಾಗ ಫೇಲ್ ಆಗ್ತಾಳೇನ್ರಿ ಸಾಹೇಬ್ರ?" ಎಂದರು. ಬಿ.ಪಿ. 160 ಇತ್ತು!

ನಾನು ಬರೀ ಎಂ.ಬಿ.ಬಿ.ಎಸ್.; ಆ ಪರೀಕ್ಷೆ ಬರೆದವನಲ್ಲ. ಆದರೆ ಇಂಥ ಅಂಕವನ್ನೂ ಬಿ.ಪಿ.ಯಂತೆಯೇ ನೋಡಬೇಕು. ಬಿ.ಪಿ. ಹೆಚ್ಚಿದ್ದವರಿಗೆಲ್ಲ ಲಕ್ವ ಹೊಡೆಯುವುದಿಲ್ಲ. ಅಪಾಯ ಹೆಚ್ಚಿದೆ, ಈಗಲೇ ಎಚ್ಚರಗೊಳ್ಳಿ ಎಂದಷ್ಟೇ ಅರ್ಥ.

ಅಮೆರಿಕದಲ್ಲಿ ಜನರಲ್ ಮೆಡಿಸಿನ್ ತರಬೇತಿಯ ವೈದ್ಯರಿಗೆ 1988ರಿಂದ ನಡುವೆಯೇ ಒಂದು ಪರೀಕ್ಷೆ ಇದೆ. ಅದರಲ್ಲಿ ಚೆನ್ನಾಗಿ ಬರೆದವರು ಅಂತಿಮ ಬೋರ್ಡ್ ಪರೀಕ್ಷೆಯಲ್ಲಿ ಬಹುತೇಕ ಪಾಸಾಗುತ್ತಾರೆ. ಗಮನಿಸಿ, ಕಡಿಮೆ ಅಂಕ ಪಡೆದವರಲ್ಲೂ ಅನೇಕರು ಪಾಸಾಗುತ್ತಾರೆ. ಹೆಚ್ಚಿನ ಅಂಕ ಕೊಡುವ ಭರವಸೆ ಗಟ್ಟಿ. ಕಡಿಮೆ ಅಂಕ ನುಡಿಯುವ ಭವಿಷ್ಯ ಅಷ್ಟು ಗಟ್ಟಿಯಲ್ಲ.

ನಮ್ಮ ಡಿ.ಎನ್.ಬಿ. ಅಂತಿಮ ಪರೀಕ್ಷೆಯಲ್ಲಿ ಲಿಖಿತದ ಜೊತೆ ಪ್ರಾಯೋಗಿಕವೂ ಇದೆ. ವರ್ಷದ ಲಿಖಿತ ಅಂಕ ರೋಗಿಯ ಹಾಸಿಗೆಯ ಬಳಿಯ ಕೈಚಳಕವನ್ನು ಅಳೆಯದು. ಆದ್ದರಿಂದ ಮಕ್ಕಳನ್ನು "ಎಷ್ಟು ಬಂತು?" ಎಂದಷ್ಟೇ ಕೇಳಬೇಡಿ. ಯಾವ ವಿಷಯದಲ್ಲಿ ಕಡಿಮೆ ಬಂತು, ಮಾರ್ಗದರ್ಶಕರು ಏನೆಂದರು, ಪರೀಕ್ಷೆಯ ಹಿಂದಿನ ವಾರ ಎಷ್ಟು ರಾತ್ರಿ ಡ್ಯೂಟಿ ಇತ್ತು, ನಿದ್ದೆ ಆಗಿತ್ತೇ ಎಂದು ವಿಚಾರಿಸಿ.

ಆ ರೈತರು ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದರು. ಮೊದಲ ಪ್ರಶ್ನೆ, "ಊಟ ಆತೇನವ್ವ?"