ಅಲೆಗಳಿಲ್ಲದ ಕಡಲು

ಬೇಕಲ ಕೋಟೆಯ ಪಕ್ಕದ ಮರಳದಂಡೆಯಲ್ಲಿ ಒಂದು ಮುಂಜಾನೆ ಟ್ರೈಪಾಡ್ ಊರಿ, ಕ್ಯಾಮೆರಾದ ಷಟರನ್ನು 30 ಸೆಕೆಂಡುಗಳ ಕಾಲ ತೆರೆದಿಟ್ಟಿದ್ದೆ. ನಿವೃತ್ತಿಯ ಅನಂತರ ಅಂಟಿಕೊಂಡ ಹವ್ಯಾಸವಿದು. ಪಶ್ಚಿಮ ಕರಾವಳಿಯಲ್ಲಿ ಸೂರ್ಯ ಏಳುವುದು ನೆಲದ ಕಡೆಯಿಂದ. ಹೀಗಾಗಿ ಕಡಲಿಗೆ ಮುಖಮಾಡಿದ ಬುರುಜುಗಳು ಬಹಳ ಹೊತ್ತು ನೆರಳಿನಲ್ಲಿರುತ್ತವೆ. ದೀರ್ಘ ಎಕ್ಸ್‌ಪೋಷರಿಗೆ ಆ ಮಂದ ಬೆಳಕು ಹೇಳಿ ಮಾಡಿಸಿದ್ದು.

ಚಿತ್ರದಲ್ಲಿ ಅಲೆಗಳು ಮಂಜಾಗಿದ್ದವು. ಜಂಬಿಟ್ಟಿಗೆಯ ಗೋಡೆ ಮಾತ್ರ ಸ್ಫುಟವಾಗಿತ್ತು. ಆ ಅರೆನಿಮಿಷದಲ್ಲಿ ಬಲೆ ಹೊತ್ತು ಹಾದುಹೋಗಿದ್ದ ಇಬ್ಬರು ಮೀನುಗಾರರ ಸುಳಿವೇ ಇರಲಿಲ್ಲ. ಚಲಿಸುವುದರ ಬೆಳಕು ಒಂದೆಡೆ ನಿಲ್ಲುವುದಿಲ್ಲವಾದ್ದರಿಂದ ಅದು ಚಿತ್ರದಲ್ಲಿ ಮೂಡುವುದಿಲ್ಲ. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ದಾಸ್ತಾನು ಕಂಡಿತು, ಹರಿವು ಅಳಿಯಿತು.

17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಈ ಕೋಟೆ, 1763ರಲ್ಲಿ ಕೆಳದಿ ಪತನವಾದ ಮೇಲೆ ಹೈದರಾಲಿಯ ಕೈಸೇರಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯದಾಯಿತು. 1956ರ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸಂದಿತು. 1967ರಲ್ಲಿ ಮಹಾಜನ ಆಯೋಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದದ್ದು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮಾತ್ರ. ಬೇಕಲ ಅದರ ದಕ್ಷಿಣಕ್ಕಿದೆ. ಒಡೆತನ ಇಷ್ಟು ಬಾರಿ ಬದಲಾದರೂ ಗೋಡೆ ನಿಂತಿದೆ. ಆದರೆ ತಾನಾಗಿಯೇ ನಿಂತಿಲ್ಲ. ಪ್ರತಿ ಮಳೆಗಾಲದಲ್ಲಿ ಇಂಥ ಗೋಡೆಗಳ ಸಂದುಗಳಲ್ಲಿ ಗಿಡ ಬೇರೂರುತ್ತದೆ. ಕೀಳದೆ ಬಿಟ್ಟರೆ ಬೇರು ದಪ್ಪವಾಗಿ ಕಲ್ಲನ್ನೇ ಸರಿಸುತ್ತದೆ. ಗಿಡ ಕೀಳುವ ಕೂಲಿಯವರೇ ಕೋಟೆಗಳ ಇಂದಿನ ಕಾವಲಿನವರು.

ಸೇವೆಯಲ್ಲಿದ್ದಾಗ ನಾನೂ ಅವರನ್ನು ಅಳಿಸಿದವನೇ. ವೆಚ್ಚ ತಗ್ಗಿಸಬೇಕೆಂದು ಆದೇಶ ಬಂದಾಗಲೆಲ್ಲ ಹೊಸ ಕಟ್ಟಡಗಳ ಬಂಡವಾಳ ವೆಚ್ಚವನ್ನು ಮುಟ್ಟದೆ, ನಿರ್ವಹಣೆಯ ದಿನಗೂಲಿಗೆ ಕತ್ತರಿ ಹಾಕಿದ ಕಡತಗಳಿಗೆ ಸಹಿ ಮಾಡಿದ್ದೇನೆ. ಕಟ್ಟಡಕ್ಕೆ ಉದ್ಘಾಟನೆಯ ಫಲಕವಿರುತ್ತದೆ, ಕಳೆ ಕೀಳುವುದಕ್ಕೆ ಇರುವುದಿಲ್ಲ. ಹಾಗೆ ಉಳಿಸಿದ ಕೂಲಿಗಿಂತ ಮುಂದಿನ ದುರಸ್ತಿ ದುಬಾರಿಯೆಂಬುದು ನನಗೆ ಆಗಲೂ ತಿಳಿಯದ್ದೇನಲ್ಲ.

ನನ್ನೂರು ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ. ಛತ್ರವೆಂದರೆ ಬರಿಯ ಗೋಡೆ, ಸೂರು ಅಲ್ಲವೆಂಬುದನ್ನು ಆ ಊರಿನವನು ಮರೆಯಬಾರದಿತ್ತು. ಗುಡಿಸುವವರು, ನೀರು ತುಂಬಿಸುವವರು, ದಾರಿಹೋಕರಿಗೆ ಅನ್ನ ಬಡಿಸುವವರು ಇದ್ದರಷ್ಟೇ ಅದು ಛತ್ರ, ಇಲ್ಲವಾದರೆ ಹಾಳುಮನೆ. ಸ್ಮಾರಕಗಳ ಜೀರ್ಣೋದ್ಧಾರಕ್ಕೆ ಕೋಟಿಗಳನ್ನು ಎಣಿಸುವ ಮೊದಲು, ವರ್ಷವಿಡೀ ದುಡಿಯುವವರ ಕೂಲಿಯನ್ನು ಕಡಿತಕ್ಕೆ ಒಳಪಡದ ಬಾಬ್ತೆಂದು ಸರ್ಕಾರಗಳು ಘೋಷಿಸಲಿ.

ಅಂದು ಬೆಳಕೇರಿದ ಮೇಲೆ ಅದೇ ಜಾಗದಿಂದ, ಸೆಕೆಂಡಿನ 250ನೆಯ ಒಂದು ಭಾಗದಲ್ಲಿ, ಇನ್ನೊಂದು ಚಿತ್ರ ತೆಗೆದೆ. ಅಲೆಗಳು ಒರಟಾಗಿ ಬಂದವು, ಗೋಡೆ ಸಪ್ಪೆಯಾಯಿತು. ಆದರೆ ಬಲೆ ಬಿಡಿಸುತ್ತ ಕುಳಿತಿದ್ದ ಮೀನುಗಾರರು ಅದರಲ್ಲಿದ್ದರು. ಮನೆಯಲ್ಲಿ ಎರಡು ಚಿತ್ರಗಳನ್ನೂ ಅಕ್ಕಪಕ್ಕದಲ್ಲಿ ತೂಗುಹಾಕಿದ್ದೇನೆ.