ಮದ್ಯದಂಗಡಿಯ ಸನ್ನದು

ಉಳವಿ ಸೊರಬ ತಾಲ್ಲೂಕಿನ ಹೋಬಳಿ ಕೇಂದ್ರ. ಇಂಥ ಊರಿನಲ್ಲಿ ಕಿರಾಣಿ ಅಂಗಡಿ ಇಡಲು ಬಂಡವಾಳ, ಮಳಿಗೆ, ಪಂಚಾಯಿತಿಯ ಪರವಾನಗಿ ಇದ್ದರೆ ಹೆಚ್ಚುಕಡಿಮೆ ಕೆಲಸ ಆದಂತೆಯೇ. ಬಿಯರ್, ವೈನ್ ಮಾರುವುದಾದರೆ ಮಾತ್ರ ಲೆಕ್ಕ ಬೇರೆ. ಅದಕ್ಕೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಸನ್ನದು ಬೇಕು, ಕೇಳಿದವರಿಗೆಲ್ಲ ಅದು ಸಿಗುವುದಿಲ್ಲ.

ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಖೋಡೆ ಡಿಸ್ಟಿಲರೀಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. ಸರ್ಕಾರ ಅದನ್ನು ನಿಷೇಧಿಸಬಹುದು, ತಾನೇ ನಡೆಸಬಹುದು, ಇಲ್ಲವೇ ಷರತ್ತು ಹಾಕಿ ಖಾಸಗಿಯವರಿಗೆ ಬಿಡಬಹುದು. ಕರ್ನಾಟಕ ಮೂರನ್ನೂ ಮಾಡಿದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಗಟು ಮಾರಾಟ 2003ರಿಂದ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ. ಚಿಲ್ಲರೆ ಮಾರಾಟದಲ್ಲಿ ಸರ್ಕಾರಿ ಎಂಎಸ್‌ಐಎಲ್ ಮಳಿಗೆಗಳ ಜೊತೆ ಖಾಸಗಿ ಸನ್ನದುದಾರರೂ ಇದ್ದಾರೆ.

ಯಾವ ಸನ್ನದಿಗೆ ಏನು?

ಸಿ.ಎಲ್-2: ಜನ ವೈನ್ ಸ್ಟೋರ್ ಎನ್ನುವ ಅಂಗಡಿ. ಮುಚ್ಚಿದ ಬಾಟಲಿಯನ್ನು ಕೊಂಡೊಯ್ಯಬೇಕು, ಅಲ್ಲೇ ಕುಡಿಯುವಂತಿಲ್ಲ.
ಸಿ.ಎಲ್-11ಸಿ: ಎಂಎಸ್‌ಐಎಲ್ ಮಳಿಗೆ. ಇಲ್ಲಿಯೂ ಪಾರ್ಸೆಲ್ ಮಾತ್ರ.
ಸಿ.ಎಲ್-9: ಊಟ, ತಿಂಡಿಯೊಂದಿಗೆ ಕೂತು ಕುಡಿಯುವ ಬಾರ್.
ಆರ್.ವಿ.ಬಿ: ಬಿಯರ್ ಚಿಲ್ಲರೆ ಮಾರಾಟಕ್ಕೆ, 1976ರ ನಿಯಮದಡಿ.

ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಪ್ರತಿ ವರ್ಷ ಶುಲ್ಕ ಕಟ್ಟಿ ನವೀಕರಿಸಬೇಕು. 1992ರಿಂದೀಚೆಗೆ ಸರ್ಕಾರ ಹೊಸ ಸಿ.ಎಲ್-2, ಸಿ.ಎಲ್-9 ಕೊಡುವುದನ್ನು ನಿಲ್ಲಿಸಿದ್ದರಿಂದ ಹಳೆಯವೇ ಕೈ ಬದಲಾಗುತ್ತ, ಊರು ಬದಲಾಗುತ್ತ ಬಂದವು. ಬಳಕೆಯಾಗದೆ ಉಳಿದವನ್ನು ಹರಾಜಿಗಿಡುವುದಾಗಿ 2025ರ ಬಜೆಟ್ಟಿನಲ್ಲಿ ಪ್ರಕಟಿಸಲಾಯಿತು.

ಎಲ್ಲಿ ತೆರೆಯುವಂತಿಲ್ಲ?

1967ರ ಸಾಮಾನ್ಯ ಷರತ್ತುಗಳ ನಿಯಮ 5ರ ಪ್ರಕಾರ ಶಾಲೆ, ಆಸ್ಪತ್ರೆ, ಧಾರ್ಮಿಕ ಸ್ಥಳ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಕೂಡದು. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸಿಸುವ ಕೇರಿಯಲ್ಲೂ ಕೂಡದು. ಹೆದ್ದಾರಿಯ ನಡುವಿನಿಂದ 220 ಮೀಟರ್ ದೂರವಿರಬೇಕೆಂದೂ ಆ ನಿಯಮ ಹೇಳುತ್ತದೆ. ದೂರವನ್ನು ನಕ್ಷೆಯ ಮೇಲೆ ಗೆರೆ ಎಳೆದು ಅಳೆಯುವುದಿಲ್ಲ. ಜನ ನಡೆದಾಡುವ ಹತ್ತಿರದ ದಾರಿಯಲ್ಲಿ, ಬಾಗಿಲಿಂದ ಬಾಗಿಲಿಗೆ ಅಳೆಯಬೇಕು.

ಊರವರ ಪಾಲು

ಹಳ್ಳಿಗಳಲ್ಲಿ ಹೆಚ್ಚಿನ ದೂರು ಸನ್ನದಿಲ್ಲದ ಮಾರಾಟದ ಬಗ್ಗೆಯೇ: ಗೂಡಂಗಡಿಯಲ್ಲಿ ಪ್ಯಾಕೆಟ್ ತಂದಿಟ್ಟು ಮಾರುವುದು, ಮಗ್ಗುಲಲ್ಲೇ ಕುಡಿಯಲು ಜಾಗ ಕೊಡುವುದು. ಸಾರ್ವಜನಿಕ ಜಾಗದಲ್ಲಿ ಕುಡಿಯುವುದನ್ನು ಕಾಯ್ದೆಯ ಕಲಂ 15(ಎ) ನಿಷೇಧಿಸುತ್ತದೆ. ಸನ್ನದಿಲ್ಲದೆ ಮಾರುವುದೂ ಶಿಕ್ಷಾರ್ಹ ಅಪರಾಧ. ಪೊಲೀಸರಿಗಾಗಲಿ ಅಬಕಾರಿ ಇಲಾಖೆಗಾಗಲಿ ದೂರು ಕೊಡಬಹುದು.

ಬೇರೆ ಕಡೆಯ ಸನ್ನದು ನಿಮ್ಮ ಊರಿಗೆ ಸ್ಥಳಾಂತರವಾಗುತ್ತಿದ್ದರೆ ಜಿಲ್ಲೆಯ ಅಬಕಾರಿ ಉಪ ಆಯುಕ್ತರಿಗೆ ಆಕ್ಷೇಪಣೆ ಬರೆಯಿರಿ. ಬರೀ "ನಮಗೆ ಬೇಡ" ಎಂದರೆ ಸಾಲದು. ಶಾಲೆಯ ಗೇಟಿಗೆ ಎಷ್ಟು ಮೀಟರ್ ಎಂದು ಅಳೆದು, ನಿಯಮ 5ನ್ನು ಹೆಸರಿಸಿ ಬರೆದರೆ ಅರ್ಜಿಗೆ ಬಲ ಬರುತ್ತದೆ.